‘ಇವರಿಗೆ’ ಎಂಬ ಸಾಲಿನಲ್ಲಿ ಯಾರ ಹೆಸರು? ಬ್ರಿಟನ್ನಿನ ಒಂದು ದೂರು ವ್ಯವಸ್ಥೆಯ ವಿಮರ್ಶೆ

ಸಚಿವರೊಬ್ಬರು ದರ್ಪ ತೋರಿಸಿದರೆ ಬ್ರಿಟನ್ನಿನ ಸರ್ಕಾರಿ ನೌಕರರು ಎಲ್ಲಿಗೆ ಹೋಗಬಹುದು? ಹೋದರೆ ಅಲ್ಲಿ ಎಂಥ ಸೇವೆ ಸಿಗುತ್ತದೆ? ಈ ವಿಮರ್ಶೆ ಅದನ್ನು ಕುರಿತದ್ದು. ಆ ಸೇವೆಯನ್ನು ಬಳಸಿದವಳು ನಾನಲ್ಲ. ಅದು ಹೊರಗೆ ತಂದ 48 ಪುಟಗಳ ವರದಿಯನ್ನು ಮೂರು ಸಲ ಓದಿದವಳು. ನನ್ನ ಕಾಲದಲ್ಲಿ ಅಂಥದ್ದೊಂದು ನನಗೆ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಪ್ರತಿ ಪುಟದಲ್ಲೂ ಕೇಳಿಕೊಂಡವಳು.

ನಾನು ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಗಳಲ್ಲಿ ಶೀಘ್ರಲಿಪಿಗಾರ್ತಿಯಾಗಿ ದುಡಿದು 2019ರಲ್ಲಿ ನಿವೃತ್ತಳಾದೆ. ಅದರಲ್ಲಿ ಒಂಬತ್ತು ವರ್ಷ ಮೂವರು ಸಚಿವರ ಆಪ್ತ ಶಾಖೆಗಳಲ್ಲಿ ಕಳೆಯಿತು. ಬೇರೆಯವರ ಮಾತನ್ನು ಗೆರೆ ಮತ್ತು ಚುಕ್ಕೆಗಳಲ್ಲಿ ಹಿಡಿಯುವುದು, ಆಮೇಲೆ ಒಂದು ಅಕ್ಷರವೂ ಹೆಚ್ಚು ಕಡಿಮೆಯಾಗದಂತೆ ಟೈಪ್ ಮಾಡುವುದು ನನ್ನ ಕೆಲಸ. ಹೀಗಾಗಿ ಯಾವುದೇ ವರದಿ ಓದುವಾಗ ನಾನು ಮೊದಲು ನೋಡುವುದು ಯಾರ ಮಾತನ್ನು ಹೇಗೆ ದಾಖಲಿಸಿದ್ದಾರೆ ಎಂಬುದನ್ನೇ.

2023ರ ಮೇ ತಿಂಗಳಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್ ಊರಿನಲ್ಲಿ ಮಗನ ಮನೆಗೆ ಹೋಗಿದ್ದೆ. ಸೊಸೆ ಅಲ್ಲಿನ ಸ್ಥಳೀಯ ಆಡಳಿತದಲ್ಲಿ ಕೆಲಸ ಮಾಡುತ್ತಾಳೆ. ಒಂದು ಸಂಜೆ ಅವಳು ಕಾಗದದ ಕಟ್ಟೊಂದನ್ನು ತಂದು ನನ್ನ ಮುಂದಿಟ್ಟಳು. “ಅತ್ತೆ, ಬಿಡುವಾದಾಗ ಇದನ್ನು ಓದಿ. ನೀವು ಆ ನೋಟ್‌ಬುಕ್ಕಿನ ವಿಷಯ ಹೇಳಿದ್ದಿರಲ್ಲ, ನನಗೆ ಅದೇ ನೆನಪಾಯಿತು” ಎಂದಳು. ಆ ದೇಶದ ಉಪಪ್ರಧಾನಿಯಾಗಿದ್ದ ಡೊಮಿನಿಕ್ ರಾಬ್ ಅವರ ವಿರುದ್ಧ ನೌಕರರು ಕೊಟ್ಟ ದೂರುಗಳ ಬಗ್ಗೆ ಆ್ಯಡಮ್ ಟಾಲಿ ಎಂಬ ಹಿರಿಯ ವಕೀಲರು ಬರೆದ ತನಿಖಾ ವರದಿ ಅದು. ಆ ವರ್ಷದ ಏಪ್ರಿಲ್ 21ರಂದು ಅದನ್ನು ಸರ್ಕಾರವೇ ಪ್ರಕಟಿಸಿತ್ತು. ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಂಡು ಓದಬಹುದು. ನಾನು ಪಕ್ಕದಲ್ಲಿ ಇಂಗ್ಲಿಷ್–ಕನ್ನಡ ನಿಘಂಟು ಇಟ್ಟುಕೊಂಡು ಒಂದು ವಾರ ಓದಿದೆ.

ಮೊದಲು ನೋಟ್‌ಬುಕ್ಕಿನ ವಿಷಯ ಹೇಳಿಬಿಡುತ್ತೇನೆ. ಅದನ್ನು ಹೇಳದಿದ್ದರೆ ನನ್ನ ಅಳತೆಗೋಲು ಯಾವುದೆಂದು ಓದುವವರಿಗೆ ತಿಳಿಯುವುದಿಲ್ಲ.

1997ರಲ್ಲಿ ನಾನು ಕೆಲಸ ಮಾಡುತ್ತಿದ್ದ ಸಚಿವರು, ಅವರ ಹೆಸರು ಇಲ್ಲಿ ಬೇಡ, ಅಧಿವೇಶನದ ಪ್ರಶ್ನೆಯೊಂದಕ್ಕೆ ಉತ್ತರವನ್ನು ಉಕ್ತಲೇಖನ ಕೊಟ್ಟರು. ಒಂದು ಅಂಕಿಯನ್ನು ಅವರೇ ತಪ್ಪಾಗಿ ಹೇಳಿದ್ದರು. ಅವರು ಹೇಳಿದ್ದನ್ನೇ ನಾನು ಬರೆದುಕೊಂಡು, ಟೈಪ್ ಮಾಡಿ ಮುಂದಿಟ್ಟೆ. ಕೋಣೆಯಲ್ಲಿ ಅವರ ಕ್ಷೇತ್ರದಿಂದ ಬಂದ ಹತ್ತು ಹನ್ನೆರಡು ಜನ ಕುಳಿತಿದ್ದರು. ಸಚಿವರು ಆ ಹಾಳೆಯನ್ನು ನಾಲ್ಕು ತುಂಡು ಮಾಡಿ ನನ್ನ ಕಾಲ ಬಳಿ ಎಸೆದರು. “ನಿನಗೆ ಕೊಡುವ ಸಂಬಳ ಬೀದಿಯಲ್ಲಿ ಚೆಲ್ಲಿದರೂ ಯಾರಿಗಾದರೂ ಉಪಯೋಗವಾಗುತ್ತದೆ” ಎಂದರು. ಜನ ನಕ್ಕರು. ನಾನು ಬಗ್ಗಿ ಆ ತುಂಡುಗಳನ್ನು ಆರಿಸಿಕೊಂಡು ಹೊರಗೆ ಬಂದೆ. ಬಾಗಿಲ ಬಳಿ ನಿಂತಿದ್ದ ದಲಾಯತ್ ನನ್ನ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿಕೊಂಡ. ಶಾಖಾಧಿಕಾರಿ, ಒಳ್ಳೆಯ ಮನುಷ್ಯ, “ದೊಡ್ಡವರಮ್ಮಾ, ಸಹಿಸಿಕೊಳ್ಳಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದರು.

ಆ ರಾತ್ರಿ ಮನೆಯಲ್ಲಿ ಕುಳಿತು ನಡೆದದ್ದನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದೆ. ಆಮೇಲೆ ಅದನ್ನು ದೂರಿನ ಪತ್ರವಾಗಿ ಇಳಿಸೋಣವೆಂದು ಬಿಳಿ ಹಾಳೆ ತೆಗೆದುಕೊಂಡೆ. ಸರ್ಕಾರಿ ಪತ್ರದ ಕ್ರಮ ಗೊತ್ತಿದ್ದದ್ದೇ: ‘ಇವರಿಂದ’, ‘ಇವರಿಗೆ’, ‘ಮಾನ್ಯರೇ’, ‘ವಿಷಯ’. ‘ಇವರಿಂದ’ ಬರೆದೆ. ‘ಇವರಿಗೆ’ ಎಂದು ಬರೆದ ಮೇಲೆ ಲೇಖನಿ ಮುಂದೆ ಹೋಗಲಿಲ್ಲ. ಶಾಖಾಧಿಕಾರಿಗೆ ಕೊಟ್ಟರೆ ಅದು ಅಧೀನ ಕಾರ್ಯದರ್ಶಿಗೆ ಹೋಗಬೇಕು, ಅಲ್ಲಿಂದ ಕಾರ್ಯದರ್ಶಿಗೆ. ಕಾರ್ಯದರ್ಶಿಯ ಕಡತ ಹೋಗುವುದು ಸಚಿವರ ಮೇಜಿಗೇ. ಯಾವ ದಾರಿಯಲ್ಲಿ ಕಳಿಸಿದರೂ ಪತ್ರ ತಿರುಗಿ ತಿರುಗಿ ಅದೇ ಕೋಣೆಗೆ ಬರುತ್ತಿತ್ತು. ಹಾಳೆಯನ್ನು ಮಡಚಿ ನೋಟ್‌ಬುಕ್ಕಿನೊಳಗೆ ಇಟ್ಟೆ. ಎರಡು ತಿಂಗಳಿಗೆ ನನ್ನನ್ನು ಬೇರೆ ಶಾಖೆಗೆ ಎತ್ತಂಗಡಿ ಮಾಡಿದರು. ನಿಜ ಹೇಳಬೇಕೆಂದರೆ ಆಗ ನನಗೆ ನೆಮ್ಮದಿಯಾಯಿತು.

ಇಂಥ ಸೇವೆಯನ್ನು ಅಳೆಯಲು ನನ್ನ ಬಳಿ ಇರುವುದು ಒಂದೇ ಪ್ರಶ್ನೆ. ‘ಇವರಿಗೆ’ ಎಂಬ ಸಾಲಿನಲ್ಲಿ ಯಾರ ಹೆಸರು ಬರೆಯಬೇಕು?

ಬ್ರಿಟನ್ನಿನ ಉತ್ತರ: ಪ್ರಧಾನಮಂತ್ರಿಗೆ. ಅಲ್ಲಿ ಸಚಿವರ ನಡವಳಿಕೆಗೆ ಒಂದು ಸಂಹಿತೆ ಇದೆ. ದರ್ಪ, ಕಿರುಕುಳ ಸಂಹಿತೆಗೆ ವಿರುದ್ಧ, ಅದನ್ನು ಸಹಿಸಲಾಗದು ಎಂಬ ಮಾತನ್ನು ಥೆರೆಸಾ ಮೇ ಪ್ರಧಾನಿಯಾಗಿದ್ದಾಗ, 2018ರಲ್ಲಿ ಅದಕ್ಕೆ ಸೇರಿಸಿದರು. ಆದರೆ ಅದು ಕಾಯಿದೆಯಲ್ಲ. ತನಿಖೆ ಆಗಬೇಕೋ ಬೇಡವೋ, ಆದ ಮೇಲೆ ಸಂಹಿತೆ ಮುರಿಯಿತೋ ಇಲ್ಲವೋ, ಮುರಿದಿದ್ದರೆ ಶಿಕ್ಷೆ ಏನು, ಈ ವರದಿಯ ಕಾಲದಲ್ಲಿ ಇವೆಲ್ಲ ಪ್ರಧಾನಿಯ ಕೈಯಲ್ಲೇ ಇದ್ದವು. ಆ ಸಚಿವರನ್ನು ನೇಮಿಸಿದವರೂ ಅವರೇ. ನಮ್ಮ ದೇಶದಲ್ಲೂ ಸಚಿವರಿಗೆ ನಡತೆ ಸಂಹಿತೆ ಇದೆ. ಆಸ್ತಿಯ ವಿವರ ಕೊಡಬೇಕು, ವ್ಯಾಪಾರ ವ್ಯವಹಾರಗಳಿಂದ ದೂರವಿರಬೇಕು ಎಂಬಂಥ ಮಾತುಗಳು ಅದರಲ್ಲಿವೆ. ಕಚೇರಿಯಲ್ಲಿ ತಮ್ಮ ಮುಂದೆ ನಿಂತವರನ್ನು ಹೇಗೆ ಮಾತನಾಡಿಸಬೇಕು ಎಂದು ಅದು ಹೇಳುವುದಿಲ್ಲ. ಆದ್ದರಿಂದ ಬ್ರಿಟನ್ನಿನವರು ಅಷ್ಟನ್ನಾದರೂ ಬರೆದಿಟ್ಟಿದ್ದಾರೆ ಎಂಬುದೇ ನನಗೆ ಮೊದಲ ಓದಿನಲ್ಲಿ ದೊಡ್ಡದಾಗಿ ಕಂಡಿತು.

ರಾಬ್ ಅವರ ವಿಷಯ ಹೀಗೆ. ಅವರು 2018ರಲ್ಲಿ ಕೆಲವು ತಿಂಗಳು ಬ್ರೆಕ್ಸಿಟ್ (ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರುವ ವಿಷಯ) ಸಚಿವ, 2019ರಿಂದ 2021ರವರೆಗೆ ವಿದೇಶಾಂಗ ಸಚಿವ, ಆಮೇಲೆ ನ್ಯಾಯ ಸಚಿವ ಮತ್ತು ಉಪಪ್ರಧಾನಿ. ನಡುವೆ ಲಿಜ್ ಟ್ರಸ್ ಅವರ ಅಲ್ಪಾವಧಿ ಸರ್ಕಾರದಲ್ಲಿ ಅವರಿಗೆ ಸ್ಥಾನವಿರಲಿಲ್ಲ. 2022ರ ಅಕ್ಟೋಬರಿನಲ್ಲಿ ರಿಷಿ ಸುನಕ್ ಪ್ರಧಾನಿಯಾದಾಗ ರಾಬ್ ಅದೇ ನ್ಯಾಯ ಇಲಾಖೆಗೆ ಮರಳಿದರು. ಸುನಕ್ ಎಂದರೆ ನಮ್ಮ ಮನೆಯಲ್ಲಿ ‘ಮೂರ್ತಿಯವರ ಅಳಿಯ’. ಇನ್ಫೊಸಿಸ್ ನಾರಾಯಣಮೂರ್ತಿಯವರ ಮನೆಯ ಸಂಬಂಧವಾದ್ದರಿಂದ ಆ ಮಾತು ಬಂದಾಗ ಮಗ ಟಿವಿಯ ಸದ್ದು ಹೆಚ್ಚಿಸುತ್ತಿದ್ದ. ರಾಬ್ ಮರಳಿ ಬರುತ್ತಾರೆಂದು ತಿಳಿದಾಗ ಆ ಇಲಾಖೆಯ ಕೆಲವು ನೌಕರರಿಗೆ ಬೇರೆ ಕಡೆ ಹೋಗುವ ಅವಕಾಶವನ್ನು ಮೇಲಧಿಕಾರಿಗಳೇ ಕೊಟ್ಟರೆಂದು ಅಲ್ಲಿನ ಪತ್ರಿಕೆಗಳು ಬರೆದವು. ಇದನ್ನು ಓದಿದಾಗ ನನಗೆ ನನ್ನ ಎತ್ತಂಗಡಿಯ ನೆಮ್ಮದಿ ನೆನಪಾಯಿತು. ಕಿರುಕುಳ ಕೊಟ್ಟವರು ಕುರ್ಚಿಯಲ್ಲೇ ಇರುತ್ತಾರೆ, ಜಾಗ ಬಿಡಬೇಕಾದವರು ಟೈಪ್ ಮಾಡುವವರು. ಸಮುದ್ರ ದಾಟಿದರೂ ಈ ಪದ್ಧತಿ ಬದಲಾಗಿರಲಿಲ್ಲ.

ನವೆಂಬರಿನಲ್ಲಿ ಎರಡು ಅಧಿಕೃತ ದೂರುಗಳು ಬಂದವು. ಸ್ವತಂತ್ರ ತನಿಖೆ ನಡೆಸಿ ಎಂದು ರಾಬ್ ತಾವೇ ಕೇಳಿದರು. ಆ ಹೊತ್ತಿಗೆ ಸಚಿವರ ನಡವಳಿಕೆ ನೋಡುವ ಸ್ವತಂತ್ರ ಸಲಹೆಗಾರನ ಹುದ್ದೆ ಖಾಲಿ ಇತ್ತು. ಹಿಂದಿನವರು ಜೂನಿನಲ್ಲೇ ರಾಜೀನಾಮೆ ಕೊಟ್ಟು ಹೋಗಿದ್ದರು. ಹಾಗಾಗಿ ನವೆಂಬರ್ 23ರಂದು ಹೊರಗಿನ ವಕೀಲರಾದ ಟಾಲಿಯವರನ್ನು ನೇಮಿಸಿದರು. ದೂರುಗಳು ಎರಡರಿಂದ ಎಂಟಕ್ಕೆ ಏರಿದವು. ಟಾಲಿ 66 ಸಂದರ್ಶನ ನಡೆಸಿದರು, ರಾಬ್ ಅವರನ್ನು ನಾಲ್ಕು ಬಾರಿ ಕೂರಿಸಿ ಮಾತನಾಡಿಸಿದರು.

ಸಮಯದ ಬಗ್ಗೆ ನನ್ನ ಅಸಮಾಧಾನವನ್ನು ಇಲ್ಲೇ ಹೇಳುತ್ತೇನೆ. ನೇಮಕದಿಂದ ವರದಿಗೆ ಸುಮಾರು ಐದು ತಿಂಗಳು ಹಿಡಿಯಿತು. ಅಷ್ಟೂ ಕಾಲ ರಾಬ್ ಅದೇ ಇಲಾಖೆಯ ಸಚಿವರಾಗಿಯೇ ಮುಂದುವರಿದರು. ದೂರು ಕೊಟ್ಟವರಲ್ಲಿ ಕೆಲವರಾದರೂ ಪ್ರತಿದಿನ ಅದೇ ಕಟ್ಟಡದ ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿ ಒಳಗೆ ಹೋಗಿರಬೇಕು. ಕೆಳಗಿನ ನೌಕರನ ಮೇಲೆ ದೂರು ಬಂದರೆ ತನಿಖೆ ಮುಗಿಯುವವರೆಗೆ ಅವನನ್ನು ದೂರ ಇಡುವುದುಂಟು. ಸಚಿವರ ವಿಷಯದಲ್ಲಿ ಹಾಗೆ ಮಾಡಲಿಲ್ಲ. ಈ ಒಂದು ಅಂಶದಲ್ಲಿ ಸೇವೆ ಸೋತಿತೆಂದೇ ನನ್ನ ಅಭಿಪ್ರಾಯ.

ಇನ್ನು ವರದಿಗೆ ಬರೋಣ. ಟಾಲಿಯವರಿಗೆ ವಹಿಸಿದ್ದು ನಡೆದದ್ದೇನು ಎಂದು ಕಂಡುಹಿಡಿಯುವುದು ಮಾತ್ರ. ಸಂಹಿತೆ ಮುರಿಯಿತೇ ಎಂದು ತೀರ್ಪು ಕೊಡುವುದು ಅವರ ಕೆಲಸವಾಗಿರಲಿಲ್ಲ. ಈ ಗಡಿಯನ್ನು ಅವರು ಒಂದು ಕಡೆಯೂ ದಾಟಿಲ್ಲ. ಪ್ರತಿ ಮಾತನ್ನೂ ತೂಗಿ ಇಟ್ಟಿದ್ದಾರೆ. ಪತ್ರಿಕೆಗಳು ಹೇಳಿದ್ದ ಕೆಲವು ಸಂಗತಿಗಳು ಇಲ್ಲಿ ನಿಲ್ಲಲಿಲ್ಲ. ರಾಬ್ ಕೂಗಾಡಿದರು, ಕೆಟ್ಟ ಮಾತು ಆಡಿದರು ಎಂಬುದಕ್ಕೆ ಆಧಾರ ಸಿಗಲಿಲ್ಲವೆಂದು ಬರೆದಿದ್ದಾರೆ. ಬ್ರೆಕ್ಸಿಟ್ ಇಲಾಖೆಯ ದೂರಿನಲ್ಲಿ ದರ್ಪದ ತೀರ್ಮಾನ ಬರಲಿಲ್ಲ. ನ್ಯಾಯ ಇಲಾಖೆಯಿಂದ ಹಲವರು ಸೇರಿ ಕೊಟ್ಟ ಸಾಮೂಹಿಕ ದೂರಿಗೆ ಸಹಿ ಹಾಕಿದವರಲ್ಲಿ ರಾಬ್ ಅವರೊಂದಿಗೆ ನೇರವಾಗಿ ವ್ಯವಹರಿಸದವರೂ ಇದ್ದರೆಂದು ಹೇಳಿದ್ದಾರೆ. ಇದನ್ನು ಕೆಲವರು ಆ ದೂರಿನ ದೌರ್ಬಲ್ಯವೆಂದು ಎಣಿಸಿದರು. ನನಗೆ ಹಾಗೆ ಅನ್ನಿಸಲಿಲ್ಲ. 1997ರಲ್ಲಿ ನನ್ನ ಪಕ್ಕದ ಮೇಜಿನವರು ‘ನಾನು ನೋಡಿಲ್ಲ, ಆದರೆ ಇವರ ಜೊತೆ ನಿಲ್ಲುತ್ತೇನೆ’ ಎಂದು ಒಂದು ಸಹಿ ಹಾಕಿದ್ದರೆ, ಆ ಸಹಿಯ ಬೆಲೆ ನನಗೆ ಗೊತ್ತು.

ಎರಡು ಸಂಗತಿಗಳು ನಿಂತವು. ಒಂದು, ವಿದೇಶಾಂಗ ಇಲಾಖೆಯಲ್ಲಿ ಒಂದು ಸಭೆಯಲ್ಲಿ ರಾಬ್ ಅಕಾರಣವಾಗಿ, ಬಿಡದೆ, ಎದುರಿನವರನ್ನು ಹೆದರಿಸುವಷ್ಟು ಆಕ್ರಮಣಕಾರಿಯಾಗಿ ನಡೆದುಕೊಂಡರು. ಆ ಪ್ರಸಂಗದಲ್ಲಿ ಅಗತ್ಯವಿಲ್ಲದ ಶಿಕ್ಷೆಯ ಅಂಶವನ್ನೂ ತಂದರು, ಅದು ಅಧಿಕಾರದ ದುರುಪಯೋಗ. ಎರಡು, ನ್ಯಾಯ ಇಲಾಖೆಯಲ್ಲಿ ನೌಕರರ ಕೆಲಸವನ್ನು ಟೀಕಿಸುವಾಗ ಬೇಕಾದ್ದಕ್ಕಿಂತ ಮುಂದೆ ಹೋಗಿ ಹೆದರಿಸುವಂತೆ ನಡೆದುಕೊಂಡರು, ಕೆಲಸ ಪೂರಾ ನಿಷ್ಪ್ರಯೋಜಕ ಎಂಬಂಥ ಮಾತುಗಳಿಂದ ಅವಮಾನಿಸಿದರು. ಇವಲ್ಲದೆ ಕೈಯ ವರ್ತನೆಗಳೂ ದಾಖಲಾಗಿವೆ. ಮಾತನಾಡುತ್ತಿರುವವರು ನಿಲ್ಲಿಸಲಿ ಎಂದು ಅವರ ಮುಖದ ಕಡೆಗೆ ಅಂಗೈ ಚಾಚುವುದು, ಮೇಜನ್ನು ಜೋರಾಗಿ ಬಡಿಯುವುದು. ನೌಕರರು ಪಾಲಿಸಬೇಕಾದ ನಾಗರಿಕ ಸೇವಾ ಸಂಹಿತೆಯನ್ನು ಮುರಿದಿದ್ದೀರಿ ಎಂದು ಅರ್ಥವಾಗುವಂತೆ ಅವರು ಆಡಿದ ಮಾತೊಂದು ಒಬ್ಬ ನೌಕರರ ಮನಸ್ಸಿಗೆ ಬಲವಾಗಿ ತಾಗಿತು ಎಂದಿದೆ. ಬೆದರಿಸುವ ಉದ್ದೇಶ ರಾಬ್ ಅವರಿಗೆ ಇರಲಿಲ್ಲವೆಂದೂ ಅಲ್ಲೇ ಬರೆದಿದ್ದಾರೆ.

ಅಂಗೈ ಚಾಚುವ ಆ ಸಾಲನ್ನು ಓದಿ ನಾನು ಕಾಗದ ಕೆಳಗಿಟ್ಟು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಅದು ನನಗೆ ಚೆನ್ನಾಗಿ ಗೊತ್ತಿರುವ ಅಂಗೈ. ಅದಕ್ಕೆ ಸದ್ದಿಲ್ಲ, ಬೈಗುಳವಿಲ್ಲ, ಯಾರಾದರೂ ಕೇಳಿದರೆ ‘ಏನು ಮಾಡಿದೆ, ಕೈ ಎತ್ತಿದೆ ಅಷ್ಟೆ’ ಎನ್ನಬಹುದು. ಅದನ್ನೂ ಬರೆಯಬಹುದಾದ ಸಂಗತಿಯೆಂದು ಒಬ್ಬ ವಕೀಲರು ಎಣಿಸಿದರಲ್ಲ, ಅಲ್ಲಿಗೆ ಈ ವರದಿ ನನ್ನ ಪಾಲಿಗೆ ಬೆಲೆಯುಳ್ಳದ್ದಾಯಿತು.

ಉದ್ದೇಶದ ಪ್ರಶ್ನೆ ಇದರ ತಿರುಳು. ಇದು ಅರ್ಥವಾಗಬೇಕಾದರೆ ಹಿಂದಿನ ಪ್ರಕರಣ ನೋಡಬೇಕು, ಅದೇ ಸೇವೆ ಎಷ್ಟು ಕೆಟ್ಟದಾಗಿ ನಡೆಯಬಹುದು ಎಂಬುದಕ್ಕೆ ಅದು ಸಾಕ್ಷಿ. ಗೃಹ ಸಚಿವೆಯಾಗಿದ್ದ ಪ್ರೀತಿ ಪಟೇಲ್ ಅವರ ವಿರುದ್ಧ ಆರೋಪಗಳು ಬಂದಾಗ, ಆ ಇಲಾಖೆಯ ಅತ್ಯುನ್ನತ ಅಧಿಕಾರಿ ಸರ್ ಫಿಲಿಪ್ ರಟ್ನಮ್ 2020ರ ಫೆಬ್ರುವರಿ 29ರಂದು ಕ್ಯಾಮೆರಾಗಳ ಮುಂದೆ ನಿಂತು ರಾಜೀನಾಮೆ ಘೋಷಿಸಿದರು. ಸ್ವತಂತ್ರ ಸಲಹೆಗಾರ ಸರ್ ಅಲೆಕ್ಸ್ ಆ್ಯಲನ್ ವಿಚಾರಣೆ ನಡೆಸಿ, ಸಚಿವೆಯ ನಡವಳಿಕೆಯನ್ನು ದರ್ಪವೆಂದೇ ಕರೆಯಬಹುದು, ಉದ್ದೇಶಪೂರ್ವಕವಲ್ಲದಿದ್ದರೂ ಸಂಹಿತೆ ಮುರಿದಿದೆ ಎಂದು ಸಲಹೆ ಕೊಟ್ಟರು. ಇಲಾಖೆಯಿಂದ ಸಚಿವೆಗೆ ಸಿಗಬೇಕಾದ ಬೆಂಬಲ ಸಿಕ್ಕಿರಲಿಲ್ಲ ಎಂದೂ ಹೇಳಿದರು. ಪ್ರಧಾನಿ ಬೋರಿಸ್ ಜಾನ್ಸನ್ ಸಂಹಿತೆ ಮುರಿದಿಲ್ಲ ಎಂದು ನಿರ್ಧರಿಸಿದರು. ನವೆಂಬರ್ 20ರಂದು ಇದು ಪ್ರಕಟವಾದ ದಿನ ಹುದ್ದೆ ಬಿಟ್ಟವರು ಸಲಹೆಗಾರರು, ಸಚಿವೆಯಲ್ಲ. ಪಟೇಲ್ ಕ್ಷಮೆ ಕೇಳಿ ಮುಂದುವರಿದರು. ರಟ್ನಮ್ ಅವರ ಮೊಕದ್ದಮೆಯನ್ನು ಸರ್ಕಾರ 3,40,000 ಪೌಂಡ್ ಕೊಟ್ಟು ರಾಜಿಯಲ್ಲಿ ಮುಗಿಸಿತು. ಹೊಣೆಯನ್ನು ಒಪ್ಪಿಕೊಳ್ಳಲಿಲ್ಲ.

ಇದನ್ನು ಓದಿದಾಗ ನನಗೆ ಸಿಟ್ಟು ಬಂತು, ಈಗಲೂ ಇದೆ. ‘ಇವರಿಗೆ’ ಎಂಬ ಸಾಲಿನಲ್ಲಿ ಪ್ರಧಾನಿಯ ಹೆಸರು ಬರೆಯಲು ಅವಕಾಶ ಕೊಟ್ಟು, ಪತ್ರ ಅವರಿಗೆ ತಲುಪಿ, ಅವರದೇ ಸಲಹೆಗಾರ ‘ಹೌದು, ನಡೆದಿದೆ’ ಎಂದ ಮೇಲೂ ‘ಇಲ್ಲ’ ಎನ್ನುವುದಾದರೆ, ಖಾಲಿ ಬಿಟ್ಟ ನನ್ನ ಸಾಲಿಗೂ ಅವರ ಸಾಲಿಗೂ ಏನು ವ್ಯತ್ಯಾಸ?

ವ್ಯತ್ಯಾಸವನ್ನು ತಂದದ್ದು ನೌಕರರ ಸಂಘ. ಹಿರಿಯ ನೌಕರರನ್ನು ಪ್ರತಿನಿಧಿಸುವ ಎಫ್‌ಡಿಎ ಎಂಬ ಸಂಘ ಜಾನ್ಸನ್ ಅವರ ನಿರ್ಧಾರದ ವಿರುದ್ಧ ಹೈಕೋರ್ಟಿಗೆ ಹೋಯಿತು. 2021ರ ಡಿಸೆಂಬರಿನಲ್ಲಿ ಸಂಘ ಸೋತಿತು. ಆದರೆ ತೀರ್ಪಿನಲ್ಲಿ ನ್ಯಾಯಾಲಯ ಒಂದು ಮಾತನ್ನು ಸ್ಪಷ್ಟಪಡಿಸಿತು: ತಾನು ದರ್ಪ ತೋರುತ್ತಿದ್ದೇನೆಂಬ ಅರಿವು ಸಚಿವರಿಗೆ ಇಲ್ಲದಿದ್ದರೂ, ಆ ಉದ್ದೇಶ ಇಲ್ಲದಿದ್ದರೂ, ನಡವಳಿಕೆ ದರ್ಪವೇ ಆಗಬಹುದು. ಟಾಲಿ ತಮ್ಮ ಅಳತೆಯನ್ನು ತೆಗೆದುಕೊಂಡದ್ದು ಈ ತೀರ್ಪಿನಿಂದ. ಸೋತ ಮೊಕದ್ದಮೆಯ ಒಂದು ಸಾಲು ಮುಂದಿನವರ ದೂರನ್ನು ಹೊತ್ತುಕೊಂಡು ನಡೆಯಿತು. ನೌಕರರ ಸಂಘದ ಚಂದಾ ಕೊಡಲು ತಿಂಗಳ ಕೊನೆಯಲ್ಲಿ ಗೊಣಗುತ್ತಿದ್ದ ನನ್ನ ಸಹೋದ್ಯೋಗಿಗಳಿಗೆಲ್ಲ ಇದನ್ನು ಓದಿ ಹೇಳಬೇಕೆನ್ನಿಸಿತು.

ಭಾಷೆಯ ಬಗ್ಗೆ ಒಂದು ಮಾತು. ಅವರು ‘ಬುಲಿಯಿಂಗ್’ ಎನ್ನುವುದಕ್ಕೆ ನಮ್ಮ ಪತ್ರಿಕೆಗಳು ‘ಕಿರುಕುಳ’ ಎಂದು ಬರೆಯುತ್ತವೆ. ಕಿರುಕುಳ ವಿಶಾಲವಾದ ಪದ, ಸೊಳ್ಳೆಯ ಕಾಟಕ್ಕೂ ಸಲ್ಲುತ್ತದೆ. ಕಚೇರಿಯಲ್ಲಿ ನಾವು ಆಡುತ್ತಿದ್ದ ಮಾತು ‘ದರ್ಪ’. ‘ಇವತ್ತು ಸಾಹೇಬರು ದರ್ಪ ತೋರಿಸಿದರು’ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಅದರಲ್ಲಿ ಅಧಿಕಾರದ ವಾಸನೆ ಇದೆ, ಆದ್ದರಿಂದ ನಾನು ಅದನ್ನೇ ಬಳಸಿದ್ದೇನೆ. ಟಾಲಿ ಬಳಸುವ ಇನ್ನೊಂದು ಪದವಿದೆ, ‘ಅಬ್ರೇಸಿವ್’. ಮರಳು ಕಾಗದದಿಂದ ಉಜ್ಜಿದಂತೆ ಎಂದು ಅರ್ಥ. ಬೈಯಲಿಲ್ಲ, ಆದರೆ ಮಾತನಾಡಿ ಹೊರಗೆ ಬಂದವರ ಮೈ ಉರಿಯುತ್ತದೆ. ನಿಂದನೆ ಬೇರೆ, ಈ ಉಜ್ಜುವಿಕೆ ಬೇರೆ ಎಂದು ಅವರು ಬಿಡಿಸಿ ಹೇಳುತ್ತಾರೆ. ತನಿಖೆ ಘೋಷಣೆಯಾದ ಮೇಲೆ ರಾಬ್ ಆ ಒರಟುತನವನ್ನು ಹತೋಟಿಯಲ್ಲಿ ಇಟ್ಟುಕೊಂಡರು, ಅದನ್ನು ಮೊದಲೇ ಮಾಡಬೇಕಿತ್ತು ಎಂದು ಬರೆದಿದ್ದಾರೆ. ಇಡೀ ವರದಿಯಲ್ಲಿ ನಾನು ಕೆಂಪು ಗೆರೆ ಎಳೆದದ್ದು ಈ ವಾಕ್ಯದ ಕೆಳಗೆ. ‘ಅವರ ಸ್ವಭಾವವೇ ಹಾಗೆ, ಏನು ಮಾಡುವುದು’ ಎಂಬ ಮಾತನ್ನು ಮೂವತ್ತೊಂದು ವರ್ಷ ಕೇಳಿದ್ದೇನೆ. ನೋಡುವವರು ಇದ್ದಾರೆಂದು ತಿಳಿದ ದಿನ ಸ್ವಭಾವ ಬದಲಾಯಿತು.

ರಾಬ್ ಅವರ ಮಾತನ್ನೂ ಇಡಬೇಕು. ಏಪ್ರಿಲ್ 21ರಂದು ಬೆಳಿಗ್ಗೆ, ವರದಿ ಪ್ರಕಟವಾಗುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ದರ್ಪದ ಯಾವುದೇ ತೀರ್ಮಾನ ಬಂದರೂ ಹೋಗುತ್ತೇನೆಂದು ಮೊದಲೇ ಹೇಳಿದ್ದರು, ಹಾಗೆಯೇ ಹೋದರು. ಅದನ್ನು ನಾನು ಗೌರವಿಸುತ್ತೇನೆ. ರಾಜೀನಾಮೆ ಪತ್ರದಲ್ಲಿ ಅವರು ಎತ್ತಿದ ಆಕ್ಷೇಪ ಇದು: ಎರಡು ಬಿಟ್ಟು ಉಳಿದ ಆರೋಪಗಳೆಲ್ಲ ಬಿದ್ದಿವೆ, ದರ್ಪದ ಹೊಸ್ತಿಲನ್ನು ಇಷ್ಟು ಕೆಳಗಿಟ್ಟರೆ ಅಪಾಯಕಾರಿ ಪೂರ್ವನಿದರ್ಶನವಾಗುತ್ತದೆ. ಸ್ಪೇನಿನ ತೆಂಕಣ ತುದಿಯಲ್ಲಿರುವ ಬ್ರಿಟಿಷ್ ಪ್ರದೇಶವಾದ ಜಿಬ್ರಾಲ್ಟರ್ ಕುರಿತ ಮಾತುಕತೆಯಲ್ಲಿ ಒಬ್ಬ ಹಿರಿಯ ರಾಜತಾಂತ್ರಿಕರು ಸಂಪುಟ ಕೊಟ್ಟ ಸೂಚನೆಯನ್ನು ಮೀರಿದ್ದರು, ಅದನ್ನು ಸಚಿವ ಪ್ರಶ್ನಿಸಬೇಡವೇ, ಕೆಟ್ಟ ಟಿಪ್ಪಣಿ ಬಂದರೆ ನೇರವಾಗಿ ಹೇಳಬೇಡವೇ ಎಂದು ಕೇಳಿದರು. ನಾಲ್ಕೂವರೆ ವರ್ಷದಲ್ಲಿ ಯಾರ ಮೇಲೂ ಕೂಗಿಲ್ಲ, ಏನನ್ನೂ ಎಸೆದಿಲ್ಲ ಎಂದರು.

ಹೇಳಬೇಕು, ಖಂಡಿತ ಹೇಳಬೇಕು. ನಾನು ಕೆಲಸ ಮಾಡಿದ ಮೂವರಲ್ಲಿ ಒಬ್ಬ ಸಚಿವರು ಒಂದೇ ಭಾಷಣದ ಕರಡನ್ನು ಎಂಟು ಸಲ ಹಿಂದಕ್ಕೆ ಕಳಿಸಿದ್ದರು. ಪ್ರತಿ ಸಲವೂ ಕೆಂಪು ಶಾಯಿಯಲ್ಲಿ ಅಂಚಿನಲ್ಲಿ ಬರೆದಿರುತ್ತಿತ್ತು: ‘ಈ ವಾಕ್ಯ ರೈತನಿಗೆ ಅರ್ಥವಾಗುವುದಿಲ್ಲ’, ‘ಈ ಅಂಕಿ ಎಲ್ಲಿಯದು?’, ‘ಇನ್ನೊಮ್ಮೆ ನೋಡಿ’. ರಾತ್ರಿ ಹತ್ತೂವರೆಗೆ ಎಂಟನೆಯ ಕರಡು ಒಪ್ಪಿಗೆಯಾದಾಗ ನಮ್ಮ ಬೆರಳು ನೋಯುತ್ತಿದ್ದವು, ಮನಸ್ಸು ನೋಯುತ್ತಿರಲಿಲ್ಲ. ಅವರಷ್ಟು ಕಟ್ಟುನಿಟ್ಟಿನವರನ್ನು ನಾನು ಆಮೇಲೆ ಕಾಣಲಿಲ್ಲ. ಅವರ ಅವಧಿ ಮುಗಿದಾಗ ದಲಾಯತ್‌ನಿಂದ ಹಿಡಿದು ಎಲ್ಲರ ಕಣ್ಣಲ್ಲೂ ನೀರಿತ್ತು. ಅಂಚಿನಲ್ಲಿ ಬರೆದದ್ದು ಕೆಲಸದ ಬಗ್ಗೆ ಇತ್ತು. ನನ್ನ ಕಾಲ ಬಳಿ ಬಿದ್ದದ್ದು ನನ್ನ ಬಗ್ಗೆ ಇತ್ತು. ಇವೆರಡರ ಅಂತರ ತಿಳಿಯಲು ಹೊಸ್ತಿಲನ್ನು ಮೇಲೆ ಕೆಳಗೆ ಮಾಡಬೇಕಾಗಿಲ್ಲ, ಮುಂದೆ ನಿಂತವರ ಮುಖ ನೋಡಿದರೆ ಸಾಕು.

ಗೋಪ್ಯತೆಯ ವಿಷಯದಲ್ಲಿ ಟಾಲಿಯವರಿಗೆ ಪೂರ್ಣ ಅಂಕ ಕೊಡುತ್ತೇನೆ. ದೂರುದಾರರ ಹೆಸರಿಲ್ಲ. ಯಾರೆಂದು ಊಹಿಸಲು ಬೇಕಾದ ವಿವರಗಳನ್ನೂ ತೆಗೆದಿದ್ದಾರೆ. ಆಪ್ತ ಶಾಖೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ‘ಮಂಗಳವಾರದ ಸಭೆ’ ಎಂಬ ಎರಡು ಪದ ಸಾಕು, ಯಾರು ಎಂದು ಇಡೀ ಮಹಡಿಗೆ ತಿಳಿಯುತ್ತದೆ. ಇದಕ್ಕೆ ಬೆಲೆಯೂ ಇದೆ. ಕೆಲವು ಪುಟಗಳಲ್ಲಿ ವಿವರ ಎಷ್ಟು ತೆಳುವಾಗುತ್ತದೆ ಎಂದರೆ ಓದುಗರಿಗೆ ಘಟನೆ ಕಣ್ಣಿಗೆ ಕಟ್ಟುವುದಿಲ್ಲ, ಬರೀ ತೀರ್ಮಾನ ಕಾಣುತ್ತದೆ. ಆದರೂ ನನ್ನ ಮತ ದೂರುದಾರರ ಕಡೆಗೇ.

ಜುಲೈ ತಿಂಗಳಲ್ಲಿ ಒಂದು ದಿನ ಸೊಸೆ ನನ್ನನ್ನು ಲಂಡನ್ನಿಗೆ ಕರೆದುಕೊಂಡು ಹೋದಳು. ಅರಮನೆ ನೋಡಿದ ಮೇಲೆ ನಾನೇ ಕೇಳಿ ಪೆಟಿ ಫ್ರಾನ್ಸ್ ಎಂಬ ಬೀದಿಗೆ ಹೋದೆವು. 102ನೆಯ ನಂಬರಿನ ಕಟ್ಟಡ ನ್ಯಾಯ ಇಲಾಖೆಯದು. ಬೂದು ಕಾಂಕ್ರೀಟಿನ ದೊಡ್ಡ ಕಟ್ಟಡ, ಮೇಲಿನ ಮಹಡಿಗಳು ಹೊರಕ್ಕೆ ಚಾಚಿಕೊಂಡಿವೆ. ಮಧ್ಯಾಹ್ನದ ಊಟದ ಹೊತ್ತು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗ ಹುಡುಗಿಯರು ಊಟದ ಪೊಟ್ಟಣ ಹಿಡಿದು ಸಮೀಪದ ಸೇಂಟ್ ಜೇಮ್ಸ್ ಪಾರ್ಕಿನ ಕಡೆ ಹೋಗುತ್ತಿದ್ದರು. ಅವರಲ್ಲಿ ಯಾರು ಸಹಿ ಹಾಕಿದ್ದರೋ, ಯಾರು ಹಾಕಲಾರದೆ ಹೋದರೋ. ಒಬ್ಬಳು ನಡೆಯುತ್ತಲೇ ಫೋನಿನಲ್ಲಿ ನಗುತ್ತಿದ್ದಳು. “ಅತ್ತೆ, ಸುಸ್ತಾಯಿತೇ?” ಎಂದು ಸೊಸೆ ಕೇಳಿದಾಗಲೇ ನಾನು ಬಹಳ ಹೊತ್ತು ನಿಂತೇ ಇದ್ದೆನೆಂದು ಗೊತ್ತಾದದ್ದು.

ಈ ಸೇವೆ ಈಗ ಹೇಗಿದೆ? 2024ರ ನವೆಂಬರಿನಲ್ಲಿ ಕಿಯರ್ ಸ್ಟಾರ್ಮರ್ ಸರ್ಕಾರ ಹೊಸ ಸಂಹಿತೆ ತಂದಿತು. ಸ್ವತಂತ್ರ ಸಲಹೆಗಾರ ಪ್ರಧಾನಿಯ ಅಪ್ಪಣೆಗೆ ಕಾಯದೆ ತಾನೇ ತನಿಖೆ ತೆರೆಯಬಹುದು. ನನ್ನ ಲೆಕ್ಕದಲ್ಲಿ ಇದು ದೊಡ್ಡ ಸುಧಾರಣೆ, ಏಕೆಂದರೆ ‘ಇವರಿಗೆ’ ಎಂಬ ಸಾಲಿನಲ್ಲಿ ಬರೆಯಲು ಎರಡನೆಯ ಹೆಸರೊಂದು ಸಿಕ್ಕಿತು. ಕೊನೆಯ ತೀರ್ಮಾನ ಈಗಲೂ ಪ್ರಧಾನಿಯದೇ. ಅದು ಬದಲಾಗುವವರೆಗೆ ನಾನು ಐದಕ್ಕೆ ಮೂರಕ್ಕಿಂತ ಹೆಚ್ಚು ಕೊಡಲಾರೆ. ವರದಿಗೆ ಮಾತ್ರ ನಾಲ್ಕೂವರೆ. ನಮ್ಮ ರಾಜ್ಯದ ನೌಕರರ ಸಂಘಗಳ ಪದಾಧಿಕಾರಿಗಳು ಅದನ್ನು ತರಿಸಿಕೊಂಡು, ಕನ್ನಡಕ್ಕೆ ಇಳಿಸಿ ತಮ್ಮ ಸದಸ್ಯರಿಗೆ ಹಂಚಬೇಕೆಂದು ಕೈಮುಗಿದು ಕೇಳುತ್ತೇನೆ. ಪೂರ್ತಿ ಓದಲು ಬಿಡುವಿಲ್ಲದವರು ದರ್ಪವೆಂದರೇನು ಎಂದು ವಿವರಿಸುವ ಭಾಗವನ್ನೂ ಕೊನೆಯ ತೀರ್ಮಾನಗಳನ್ನೂ ಓದಿದರೆ ಸಾಕು. ಬೇಕಾದವರಿಗೆ ಅನುವಾದದಲ್ಲಿ ನಾನೂ ಸಹಾಯ ಮಾಡುತ್ತೇನೆ.

ಊರಿಗೆ ಮರಳಿದ ಮೇಲೆ ಅಟ್ಟದ ಟ್ರಂಕಿನಿಂದ 1997ರ ನೋಟ್‌ಬುಕ್ ತೆಗೆದೆ. ಶಾಯಿ ಕಂದಾಗಿತ್ತು, ದಪ್ಪ ಗೆರೆಗೂ ತೆಳು ಗೆರೆಗೂ ವ್ಯತ್ಯಾಸ ಕಾಣುವುದು ಕಷ್ಟವಾಗಿತ್ತು. ಕಿಟಕಿಯ ಬೆಳಕಿನಲ್ಲಿ ಹಿಡಿದು ಇಡೀ ಮಧ್ಯಾಹ್ನ ಕುಳಿತು ಲಿಪ್ಯಂತರ ಮಾಡಿದೆ. ಹದಿನೇಳು ಸಾಲು ಬಂತು. ಎರಡು ಪದ ಓದಲಾಗಲಿಲ್ಲ, ಅಲ್ಲಿ ಜಾಗ ಬಿಟ್ಟಿದ್ದೇನೆ. ಕೆಳಗೆ ಸಹಿ ಮಾಡಿ, ಘಟನೆ ನಡೆದ ದಿನಾಂಕವನ್ನೂ ಬರೆದ ದಿನಾಂಕವನ್ನೂ ಹಾಕಿದೆ.